ಡೋಬಿಗೆ ಸಿಕ್ಕ ಜಾಗ

1948ರ ಬೇಸ್‌ಬಾಲ್ ತಂಡ ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ಕಥೆ ಓದುತ್ತಿದ್ದೇನೆ. ಅಮೆರಿಕದ ಎರಡು ಪ್ರಮುಖ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಮೊದಲ ಕಪ್ಪು ಆಟಗಾರ ಲ್ಯಾರಿ ಡೋಬಿ 1947ರ ಜುಲೈನಲ್ಲಿ ತಂಡಕ್ಕೆ ಬಂದ. ಆದರೆ ಅವನು ಫೀಲ್ಡಿಂಗ್ ಮಾಡುತ್ತಿದ್ದ ಎರಡನೇ ಬೇಸ್‌ನ ಜಾಗದಲ್ಲಿ ಜೋ ಗಾರ್ಡನ್ ಭದ್ರವಾಗಿ ಕೂತಿದ್ದ. ಡೋಬಿಯನ್ನು ಆಗೊಮ್ಮೆ ಈಗೊಮ್ಮೆ ಇಳಿಸಿದರು: 29 ಪಂದ್ಯ, 32 ಸಲ ಬ್ಯಾಟಿಂಗ್, 5 ಹಿಟ್. ಹೀಗಾದರೆ ಲಯ ಎಲ್ಲಿಂದ ಬರಬೇಕು? ಮರುವರ್ಷ ಔಟ್‌ಫೀಲ್ಡ್ (ಮೈದಾನದ ಹೊರಭಾಗದ ಫೀಲ್ಡಿಂಗ್) ಕಲಿಸಿ ನಿಯಮಿತವಾಗಿ ಆಡಿಸಿದರು, ಬ್ಯಾಟಿಂಗ್ ಸರಾಸರಿ .301ಕ್ಕೆ, ಅಂದರೆ ಹತ್ತಕ್ಕೆ ಸುಮಾರು ಮೂರು ಹಿಟ್‌ಗೆ ಏರಿತು.

1948ರ ಜುಲೈನಲ್ಲಿ 42 ವರ್ಷದ ಕಪ್ಪು ಪಿಚರ್ (ಚೆಂಡೆಸೆಯುವವ) ಸ್ಯಾಚೆಲ್ ಪೇಜ್ ಸೇರಿದ. ಪ್ರಚಾರದ ಗಿಮಿಕ್ ಅಂದವರ ಬಾಯಿ ಮುಚ್ಚಿಸಿದ್ದು 6 ಗೆಲುವು, 1 ಸೋಲು.

ಲೀಗ್ ಟೈ ಆಗಿ ಬಾಸ್ಟನ್‌ನ ರೆಡ್ ಸಾಕ್ಸ್ ತಂಡದ ಜೊತೆ ಒಂದೇ ಪಂದ್ಯದಲ್ಲಿ ಇತ್ಯರ್ಥ, ಕ್ಲೀವ್‌ಲ್ಯಾಂಡ್‌ಗೆ 8-3 ಗೆಲುವು. ಎರಡು ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯವನ್ನು ತಂಡ 2-1ರಿಂದ ಗೆದ್ದದ್ದು ಡೋಬಿಯ ಹೋಮ್ ರನ್‌ನಿಂದ. ಬಿಳಿಯ ಪಿಚರ್ ಸ್ಟೀವ್ ಗ್ರೋಮೆಕ್ ಅವನನ್ನು ಕೆನ್ನೆಗೆ ಕೆನ್ನೆ ಒತ್ತಿ ತಬ್ಬಿಕೊಂಡ ಫೋಟೋ ಆಗಿನ ಅಮೆರಿಕಕ್ಕೆ ಸಣ್ಣ ಸಂಗತಿಯಲ್ಲ. ಸರಣಿಯನ್ನು ಕ್ಲೀವ್‌ಲ್ಯಾಂಡ್ 4-2ರಿಂದ ಗೆದ್ದಿತು. ಆಮೇಲೆ ಕ್ಲೀವ್‌ಲ್ಯಾಂಡ್ ಎಷ್ಟೋ ಸಲ ಆ ಪಟ್ಟದ ಹತ್ತಿರ ಹೋಗಿ ಎಡವಿದೆ, ಪಾಪ.