ಅಂಬಾಸಿಡರ್‌ನ ಥರ್ಮೋಸ್ಟಾಟ್ ಕಿತ್ತು ಎಸೆಯಬೇಡಿ

ಘಾಟಿ ಹತ್ತುವಾಗ ನೀರು ಕುದಿಯಿತು ಅಂದರೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಮೊದಲ ಮದ್ದು ಒಂದೇ: ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದೆ ತಡೆಯುವ ವಾಲ್ವ್ ಆದ ಥರ್ಮೋಸ್ಟಾಟ್ ಬಿಚ್ಚಿ, ಖಾಲಿ ಹೌಸಿಂಗ್ ಕೂರಿಸುವುದು. ಬಯಲುಸೀಮೆಯ ಬಿಸಿಲಿಗೆ ಅದು ಹೇಗೋ ನಡೆದೀತು. ಮಲೆನಾಡಿನ ಮಳೆಗಾಲಕ್ಕೆ ಅದು ಇಂಜಿನ್ನಿನ ಆಯುಷ್ಯವನ್ನೇ ತಿನ್ನುತ್ತದೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಹೋದರೂ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲ್ ಸೇರುತ್ತದೆ. ಇಂಜಿನ್ 80 ಡಿಗ್ರಿ ದಾಟಿ ಓಡುತ್ತಿದ್ದರೆ ಆ ತೇವ ಮತ್ತೆ ಆವಿಯಾಗುತ್ತದೆ. ಥರ್ಮೋಸ್ಟಾಟ್ ಇಲ್ಲದ ಗಾಡಿ ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ರಸ್ತೆಯಲ್ಲಿ 50–60 ಡಿಗ್ರಿಯಲ್ಲೇ ಓಡಾಡುತ್ತಿರುತ್ತದೆ. ಆಯಿಲ್ ಹಾಕುವ ಮುಚ್ಚಳ ತೆರೆದು ನೋಡಿ, ಒಳಗೆ ಬೆಣ್ಣೆಯಂಥ ಕೆನೆಬಣ್ಣದ ಜಿಡ್ಡು ಅಂಟಿರುತ್ತದೆ. ಅದನ್ನು ಕಂಡು, ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಆಯಿಲ್ ಸೇರಿದೆ ಎಂದು ಹೆಡ್ ಇಳಿಸುವವರೂ ಇದ್ದಾರೆ. ಜೊತೆಗೆ ಚೋಕ್ ಹೆಚ್ಚು ಹೊತ್ತು ಬೇಕಾಗುತ್ತದೆ, ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆಯುತ್ತದೆ, ಬೋರ್ ಸವೆಯುತ್ತದೆ.

ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ (ಬಿಎಂಸಿ) 1489 ಸಿಸಿ ಬಿ ಸೀರೀಸ್ ಇಂಜಿನ್ನಿನ ಅಂಬಾಸಿಡರಿನಲ್ಲಿ ಥರ್ಮೋಸ್ಟಾಟ್ ಇರುವುದು ಹೆಡ್ಡಿನ ಮುಂದುಗಡೆ, ಮೇಲಿನ ಹೋಸ್ ಸೇರುವ ಮೊಣಕೈ ಆಕಾರದ ಹೌಸಿಂಗಿನ ಅಡಿಯಲ್ಲಿ. ವಿಲ್ಲೀಸ್ ಜೀಪಿನ ನಾಲ್ಕು ಸಿಲಿಂಡರ್ ಇಂಜಿನ್ನಿನಲ್ಲೂ ಹೆಡ್ಡಿನ ಮೇಲಿನ ಮೊಣಕೈಯಲ್ಲೇ. ಬಿಸಿನೀರು ಇಂಜಿನ್ನಿನಿಂದ ಹೊರಡುವ ಬಾಗಿಲಲ್ಲೇ ಕಾವಲು ಇಟ್ಟಂತೆ. ಈ ಜಾಗಕ್ಕೆ ಒಂದು ಅನುಕೂಲವಿದೆ: ನೀರು ತುಂಬಿಸುವಾಗ ಗಾಳಿ ಮೇಲಕ್ಕೇ ಬರುವುದರಿಂದ ಹೊರಗೆ ಬಿಡುವುದು ಸುಲಭ. ಆಮೇಲಿನ ಕೆಲವು ಇಂಜಿನ್ನುಗಳಲ್ಲಿ ಪಂಪಿಗೆ ನೀರು ಬರುವ ಕಡೆ ಇಟ್ಟರು. ಅಲ್ಲಿ ಉಷ್ಣತೆಯ ಏರಿಳಿತ ಕಡಿಮೆ, ಗಾಳಿ ತೆಗೆಯುವ ತಲೆನೋವು ಹೆಚ್ಚು.

ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ತೀರಾ ಜೋರಾಗಿ ಓಡಿ ತಣಿಯುವುದಿಲ್ಲ ಎನ್ನುವ ಮಾತು ತಪ್ಪು. ಜೋರಾಗಿ ಓಡಿದ ನೀರು ಕಡಿಮೆ ಶಾಖ ಬಿಡುವುದಿಲ್ಲ. ನಿಜವಾದ ತೊಂದರೆ ಬೈಪಾಸಿನದು, ಅಂದರೆ ರೇಡಿಯೇಟರಿಗೆ ಹೋಗದೆ ನೀರು ಇಂಜಿನ್ನಿಗೇ ಮರಳುವ ಅಡ್ಡದಾರಿಯದು. ವಾಲ್ವ್ ತೆರೆದಾಗ ಬೈಪಾಸ್ ದಾರಿ ಮುಚ್ಚಿಕೊಳ್ಳುವ ಇಂಜಿನ್ನಿನಲ್ಲಿ ಥರ್ಮೋಸ್ಟಾಟ್ ತೆಗೆದರೆ ಒಂದು ಪಾಲು ನೀರು ರೇಡಿಯೇಟರ್ ಕಾಣದೆ ಹಾಗೇ ಸುತ್ತುತ್ತದೆ. ಬಿಎಂಸಿಯ ಎ ಸೀರೀಸ್ ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆಗೆದವರು ಆ ಜಾಗಕ್ಕೆ ಬೈಪಾಸ್ ಬಾಯಿ ಮುಚ್ಚುವ ಲೋಹದ ಬಳೆಯೊಂದನ್ನು (ಸ್ಲೀವ್) ಕೂರಿಸುತ್ತಿದ್ದುದು ಇದಕ್ಕೇ.

ಹೊಸದು ತರುವಾಗ ಹಳೆಯದನ್ನು ಜೊತೆಗೇ ಒಯ್ಯಿರಿ. ಬಿಎಂಸಿ ಇಂಜಿನ್ನಿಗೆ 54 ಮಿ.ಮೀ. ಅಳತೆ. ನಮ್ಮ ಹವೆಗೆ 82 ಡಿಗ್ರಿಯದು ಸಾಕು. ಹಾಕುವ ಮೊದಲು ಪರೀಕ್ಷಿಸಿ, ಹೊಸದಾದರೂ. ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನೂ ಥರ್ಮಾಮೀಟರನ್ನೂ ತಳ ಮುಟ್ಟದಂತೆ ದಾರದಲ್ಲಿ ಇಳಿಬಿಟ್ಟು ನಿಧಾನ ಕಾಯಿಸಿ. 82ರ ಆಸುಪಾಸಿನಲ್ಲಿ ಬಾಯಿ ಬಿಡಲು ಶುರುಮಾಡಿ, ಕುದಿ ಬರುವ ಹೊತ್ತಿಗೆ ಸುಮಾರು 8 ಮಿ.ಮೀ. ತೆರೆದಿರಬೇಕು. ತಣ್ಣೀರಿಗೆ ಹಾಕಿದರೆ ಪೂರ್ತಿ ಮುಚ್ಚಬೇಕು.

ಕೂರಿಸುವಾಗ ಸ್ಪ್ರಿಂಗ್ ಮತ್ತು ಮೇಣ ತುಂಬಿದ ಗುಂಡು ಇಂಜಿನ್ ಕಡೆಗೆ. ತಿರುಗುಮುರುಗು ಕೂತರೆ ಗುಂಡಿಗೆ ಬಿಸಿನೀರು ತಟ್ಟುವುದೇ ಇಲ್ಲ, ಇಂಜಿನ್ ಕಾದು ಕೆಂಡವಾದರೂ ತೆರೆಯುವುದಿಲ್ಲ. ಗಾಳಿ ಹೋಗುವ ಪುಟ್ಟ ರಂಧ್ರ ಇಲ್ಲದಿದ್ದರೆ ಅಂಚಿನ ತಗಡಿಗೆ 3 ಮಿ.ಮೀ. ತೂತು ಕೊರೆಯಿರಿ. ಹೌಸಿಂಗ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು. ವರ್ಷಗಟ್ಟಲೆ ಬಿಚ್ಚದಿದ್ದರೆ ತುಕ್ಕು ಎರಡನ್ನೂ ಬೆಸೆದಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕುಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಹೌಸಿಂಗ್ ಸೀಳುತ್ತದೆ.

ಇಷ್ಟಾಗಿಯೂ ಸೋಮೇಶ್ವರದಿಂದ ಆಗುಂಬೆಯ 14 ತಿರುವು ಹತ್ತುವಾಗ ಕುದಿದರೆ ತಪ್ಪು ಬೇರೆಡೆ ಇದೆ. ರೇಡಿಯೇಟರಿನ ಮುಚ್ಚಳ (ಕ್ಯಾಪ್) ಮೊದಲು ನೋಡಿ. ಆಗುಂಬೆಯ ಎತ್ತರದಲ್ಲಿ ಬರೀ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಚದರ ಇಂಚಿಗೆ 7 ಪೌಂಡ್ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ 108 ದಾಟಬೇಕು. ರಬ್ಬರ್ ಒಣಗಿದ ಕ್ಯಾಪ್ ಆ ಹತ್ತು ಡಿಗ್ರಿಯನ್ನು ಕಳೆದುಬಿಡುತ್ತದೆ. ಫ್ಯಾನ್ ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗಬೇಕು, ಹೆಚ್ಚಲ್ಲ. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದು ಕಿಡಿ ತಡವಾಗಿ ಹಾರುತ್ತಿದ್ದರೂ ಇಂಜಿನ್ ಕಾಯುತ್ತದೆ. ಕೆಳಗಿನ ಹೋಸ್ ಮೆತ್ತಗಾಗಿದ್ದರೆ ಜೋರು ಓಟದಲ್ಲಿ ಪಂಪ್ ಎಳೆದಾಗ ಒಳಕ್ಕೆ ಕುಸಿದು ನೀರು ನಿಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಲ ಸಿಗುವುದು ಕೆಸರು. ಹಳ್ಳದ ನೀರು ತುಂಬಿಸಿದ ಗಾಡಿಗಳಲ್ಲಿ ಬ್ಲಾಕಿನ ಹಿಂಬದಿಯಲ್ಲಿ ಮಣ್ಣು, ತುಕ್ಕು ಗಟ್ಟಿಯಾಗಿ ಕೂತಿರುತ್ತದೆ. ಬ್ಲಾಕಿನ ಪಕ್ಕದ ಡ್ರೈನ್ ಕಾಕ್ ತೆರೆದರೂ ನೀರು ಬರದಿದ್ದರೆ ಅದೇ ಗುರುತು. ಕಾಕ್ ಬಿಚ್ಚಿ ಗಟ್ಟಿ ತಂತಿಯಿಂದ ಕೆದಕಿ, ಥರ್ಮೋಸ್ಟಾಟ್ ಬಾಯಿಯಿಂದ ಪೈಪಿನ ನೀರು ಬಿಟ್ಟು ತಿಳಿಯಾಗುವವರೆಗೆ ತೊಳೆಯಿರಿ. ರೇಡಿಯೇಟರಿಗೆ ಕೆಳಗಿನಿಂದ ಮೇಲಕ್ಕೆ. ರೆಕ್ಕೆಗಳ ನಡುವಿನ ಹುಳ, ಭತ್ತದ ಹೊಟ್ಟನ್ನು ಇಂಜಿನ್ ಕಡೆಯಿಂದ ಹೊರಕ್ಕೆ ತೊಳೆಯಿರಿ. ಆಮೇಲೆ ಡಿಸ್ಟಿಲ್ಡ್ ವಾಟರ್, ಅದರಲ್ಲಿ ಮೂರನೇ ಒಂದು ಪಾಲು ಕೂಲಂಟ್. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಬೇಕಿರುವುದು ತುಕ್ಕು ತಡೆಯಲು.

ಘಾಟಿ ಹತ್ತುವಾಗ ಪಡುವಣ ಗಾಳಿ ಬೆನ್ನಿಗೆ ಬೀಸುತ್ತದೆ, ಸಣ್ಣ ಗೇರಿನಲ್ಲಿ ಗಾಡಿಯ ವೇಗವೂ ಕಡಿಮೆ, ರೇಡಿಯೇಟರಿಗೆ ಸಿಗುವುದು ಫ್ಯಾನಿನ ಗಾಳಿಯಷ್ಟೇ. ಉಷ್ಣತೆ ತೋರಿಸುವ ಮೀಟರಿನ ಮುಳ್ಳು ಏರತೊಡಗಿದರೆ ಕುದಿಯುವ ಮೊದಲೇ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಇಂಜಿನ್ ಆರಿಸದೆ ಐಡ್ಲಿಂಗಿಗಿಂತ ಸ್ವಲ್ಪ ಜೋರಾಗಿ ಓಡಲು ಬಿಡಿ. ನೀರು ಆಗಲೇ ಉಕ್ಕಿ ಹೊರಬಂದಿದ್ದರೆ ಮಾತ್ರ ಆರಿಸಿ ಕಾಯಬೇಕು, ಅರ್ಧ ಗಂಟೆಯಾದರೂ. ಕ್ಯಾಪ್ ಕೈಗೆ ಬೆಚ್ಚಗಷ್ಟೇ ಅನ್ನಿಸಿದಾಗ ದಪ್ಪ ಬಟ್ಟೆ ಹಾಕಿ ಮೊದಲ ಹಂತಕ್ಕೆ ತಿರುಗಿಸಿ ಒತ್ತಡ ಬಿಡಿ. ಆಮೇಲೆ ಇಂಜಿನ್ ಚಾಲೂ ಮಾಡಿ, ನೀರನ್ನು ಲೋಟ ಲೋಟವಾಗಿ ಹಾಕಿ. ಒಮ್ಮೆಲೇ ಕೊಡ ಸುರಿದರೆ ಹೆಡ್ ಬಿರುಕು ಬಿಡುತ್ತದೆ.