ಕಳೆದ ಸಂದೇಶಕ್ಕೂ ಸರದಿಯಲ್ಲಿ ಒಂದು ಜಾಗ

ವಾಹನದ ಭಾಗಗಳು ಪರಸ್ಪರ ಮಾತಾಡಿಕೊಳ್ಳುವ ತಂತಿಜಾಲವಾದ ಕ್ಯಾನ್ ಬಸ್ಸಿನಲ್ಲಿ ಓಡಾಡುವ ಸಂದೇಶಗಳನ್ನು ಹಿಡಿದು ಲಿನಕ್ಸ್ ಯಂತ್ರದ ಪ್ರೋಗ್ರಾಮುಗಳಿಗೆ ತಲುಪಿಸುವ ಒಂದು ಕಾರ್ಡಿಗೆ ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ತಂತ್ರಾಂಶ, ಬರೆಯುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತು. ಬೆಂಗಳೂರಿನ ನಮ್ಮ ಕಚೇರಿಯಲ್ಲಿ ಆ ಕಾರ್ಡನ್ನು ಎಂಜಿನ್ ಪರೀಕ್ಷೆಯ ಬೆಂಚಿನಲ್ಲಿ ಬಳಸುತ್ತಿದ್ದರು. ಡ್ರೈವರಿನ ಕೆಲಸವನ್ನು ಹೇಳುವುದು ಸುಲಭ: ಕಾರ್ಡು ಇಂಟರಪ್ಟ್ (ಗಮನ ಸೆಳೆಯುವ ಸಂಕೇತ) ಕೊಟ್ಟಾಗ ಬಂದ ಫ್ರೇಮುಗಳನ್ನು, ಅಂದರೆ ಬಸ್ಸಿನ ಸಂದೇಶಗಳನ್ನು, ಎತ್ತಿಕೊಂಡು ಲಿನಕ್ಸಿನ ತಿರುಳಾದ ಕರ್ನಲ್ಲಿನ ಒಳಗೆ ಒಂದು ಸರದಿಯಲ್ಲಿ ಇಡಬೇಕು, ಪ್ರೋಗ್ರಾಮು ರೀಡ್ ಮಾಡಿದಾಗ ಬಂದ ಕ್ರಮದಲ್ಲೇ ಕೊಡಬೇಕು, ಸರದಿ ಖಾಲಿಯಿದ್ದರೆ ಪ್ರೋಗ್ರಾಮನ್ನು ಮಲಗಿಸಿ, ಹೊಸ ಫ್ರೇಮು ಬಂದಾಗ ಎಬ್ಬಿಸಬೇಕು. ಮೊದಲ ಆವೃತ್ತಿಯನ್ನು ಎರಡು ವಾರದಲ್ಲಿ ಬರೆದು ಮುಗಿಸಿದೆ. ಅದನ್ನು ನಂಬಬಹುದು ಎಂದು ಹೇಳುವ ಹಂತಕ್ಕೆ ಬರಲು ಏಳು ತಿಂಗಳು ಹಿಡಿಯಿತು, ಮತ್ತು ಆ ಏಳು ತಿಂಗಳ ಬಹುಪಾಲು ಹೋದದ್ದು ಸರದಿ ತುಂಬಿದಾಗ ಏನು ಮಾಡಬೇಕು ಎಂಬ ಒಂದೇ ಪ್ರಶ್ನೆಗೆ.

ಕ್ಯಾನ್ ಬಸ್ಸಿನ ಪರಿಚಯವಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಬಾಷ್ ಸಂಸ್ಥೆ ಇದನ್ನು ಲೋಕದ ಮುಂದಿಟ್ಟದ್ದು 1986ರಲ್ಲಿ, ಡೆಟ್ರಾಯಿಟಿನಲ್ಲಿ. ಹಳೆಯ ಮಾದರಿಯ ಕ್ಯಾನ್ ಫ್ರೇಮಿನಲ್ಲಿ ಹೆಚ್ಚೆಂದರೆ 8 ಬೈಟ್ ಮಾಹಿತಿ ಹಿಡಿಯುತ್ತದೆ. 11 ಬಿಟ್ಟಿನ ಗುರುತಿನ ಸಂಖ್ಯೆ, ಆ 8 ಬೈಟ್, ತಪ್ಪು ಪತ್ತೆಯ ಬಿಟ್ಟುಗಳು, ಫ್ರೇಮುಗಳ ನಡುವಿನ ಬಿಡುವು ಎಲ್ಲ ಸೇರಿ, ನಡುವೆ ತುಂಬುವ ಸ್ಟಫಿಂಗ್ ಬಿಟ್ಟುಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 111 ಬಿಟ್ ಆಗುತ್ತದೆ. ಸೆಕೆಂಡಿಗೆ 500 ಕಿಲೋಬಿಟ್ ವೇಗದಲ್ಲಿ ಅಷ್ಟಕ್ಕೆ 222 ಮೈಕ್ರೋಸೆಕೆಂಡ್ ಬೇಕು, ಅಂದರೆ ಬಸ್ಸು ಪೂರ್ತಿ ತುಂಬಿದ್ದಾಗ ಸೆಕೆಂಡಿಗೆ ಸುಮಾರು 4,500 ಫ್ರೇಮು. ನಮ್ಮ ಬೆಂಚಿನಲ್ಲಿ ಬಸ್ಸು ಸಾಮಾನ್ಯವಾಗಿ ನೂರಕ್ಕೆ 40ರಷ್ಟು ತುಂಬಿರುತ್ತಿತ್ತು. ಸೆಕೆಂಡಿಗೆ 1,800 ಫ್ರೇಮು ಎಂದು ಇಟ್ಟುಕೊಳ್ಳೋಣ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಫ್ರೇಮು ಸರಿಯಾಗಿ ತಲುಪಿತು ಎಂಬ ಒಪ್ಪಿಗೆಯ ಬಿಟ್ಟನ್ನು ಬಸ್ಸಿಗೆ ಹಾಕುವುದು ಕಾರ್ಡಿನ ಮೇಲಿರುವ ಕಂಟ್ರೋಲರ್ ಚಿಪ್ಪು. ಆ ಫ್ರೇಮನ್ನು ಮೇಲಿನ ಪ್ರೋಗ್ರಾಮು ಓದಿತೋ ಇಲ್ಲವೋ ಚಿಪ್ಪಿಗೆ ಗೊತ್ತಾಗುವುದಿಲ್ಲ, ಕಳಿಸಿದವರಿಗಂತೂ ಗೊತ್ತಾಗುವ ದಾರಿಯೇ ಇಲ್ಲ. ಬಸ್ಸಿನ ಮೇಲೆ ಫ್ರೇಮು ಕೆಟ್ಟರೆ ಅದನ್ನು ಮತ್ತೆ ಕಳಿಸುವ ವ್ಯವಸ್ಥೆ ಕ್ಯಾನ್‌ನಲ್ಲೇ ಇದೆ. ಡ್ರೈವರಿನ ಸರದಿಯಲ್ಲಿ ಜಾಗವಿಲ್ಲದೆ ಬಿದ್ದುಹೋದ ಫ್ರೇಮನ್ನು ಯಾರೂ ಮತ್ತೆ ಕಳಿಸುವುದಿಲ್ಲ. ಆ ನಷ್ಟವನ್ನು ಕಂಡವನು ಡ್ರೈವರ್ ಒಬ್ಬನೇ.

ಮೊದಲ ಆವೃತ್ತಿಯಲ್ಲಿ ಮೊದಲು ಬಂದದ್ದನ್ನು ಮೊದಲು ಕೊಡುವ ಕರ್ನಲ್ಲಿನ ಸಿದ್ಧ ಸರದಿಯಾದ ಕೆಫೈಫೊ ಬಳಸಿ 256 ದಾಖಲೆಗಳ ಸರದಿ ಮಾಡಿದ್ದೆ. ಒಬ್ಬನೇ ಹಾಕುವವನು, ಒಬ್ಬನೇ ತೆಗೆಯುವವನು ಇದ್ದರೆ ಕೆಫೈಫೊಗೆ ಲಾಕ್, ಅಂದರೆ ಒಬ್ಬರು ಮುಟ್ಟುವಾಗ ಇನ್ನೊಬ್ಬರನ್ನು ತಡೆಯುವ ಬೀಗ, ಬೇಕಾಗಿಲ್ಲ. ಇಂಟರಪ್ಟ್ ಬಂದಾಗ ಓಡುವ ಭಾಗವಾದ ಇಂಟರಪ್ಟ್ ಹ್ಯಾಂಡ್ಲರ್ ಹಾಕುತ್ತದೆ, ರೀಡ್ ತೆಗೆಯುತ್ತದೆ, ಇಬ್ಬರೂ ತಮ್ಮ ತಮ್ಮ ಸೂಚಿಯನ್ನು ಮಾತ್ರ ಮುಂದಕ್ಕೆ ಸರಿಸುತ್ತಾರೆ. ಸರದಿ ತುಂಬಿದ್ದರೆ ಹೊಸದಾಗಿ ಬಂದ ಫ್ರೇಮನ್ನು ಸುಮ್ಮನೆ ಬಿಟ್ಟುಬಿಡುತ್ತಿದ್ದೆ. ಒಂದೊಂದು ದಾಖಲೆ 24 ಬೈಟ್: ಸಮಯಕ್ಕೆ 8, ಗುರುತಿನ ಸಂಖ್ಯೆಗೆ 4, ಉದ್ದಕ್ಕೆ 1, ಫ್ಲ್ಯಾಗುಗಳಿಗೆ 1, ಮುಂದೆ ಬೇಕಾದೀತು ಎಂದು ಖಾಲಿ ಬಿಟ್ಟ 2, ಮಾಹಿತಿಗೆ 8. ಆ ಸಮಯವನ್ನು ನಾನು ತುಂಬುತ್ತಿದ್ದುದು ರೀಡ್ ಒಳಗೆ, ಪ್ರೋಗ್ರಾಮಿಗೆ ದಾಖಲೆ ಕೊಡುವ ಗಳಿಗೆಯಲ್ಲಿ. ಇಂಟರಪ್ಟ್ ಹ್ಯಾಂಡ್ಲರ್ ಆದಷ್ಟು ಚಿಕ್ಕದಾಗಿರಬೇಕು ಎಂಬ ಪಾಠವನ್ನು ನಾನು ಅಷ್ಟು ಬಿಗಿಯಾಗಿ ಪಾಲಿಸಿದ್ದೆ.

ಮೂರನೆಯ ತಿಂಗಳಲ್ಲಿ ಬೆಂಚಿನಿಂದ ದೂರು ಬಂದಿತು. ಸಂದೇಶಗಳನ್ನು ಬರೆದಿಟ್ಟ ಲಾಗಿನಲ್ಲಿ ಎಂಜಿನ್ ವೇಗ ಒಂದು ಸಾಲಿನಲ್ಲಿ 1,150 ಇದ್ದು, ಅದೇ ಸಂದೇಶದ ಮುಂದಿನ ಸಾಲಿನಲ್ಲಿ 1,900ಕ್ಕೆ ಹಾರಿತ್ತು. ಆ ಸಂದೇಶ 10 ಮಿಲಿಸೆಕೆಂಡಿಗೊಮ್ಮೆ ಬರುವಂಥದ್ದು. ಅಷ್ಟರಲ್ಲಿ ಎಂಜಿನ್ ಹಾಗೆ ಹಾರಲಾರದು. ಫ್ರೇಮು ಕಳೆದಿರಬೇಕು ಎಂದು ಊಹಿಸಿ ಸಂದೇಶದೊಳಗಿನ ಎಣಿಕೆಯನ್ನು ನೋಡಿದೆವು. ವಾಹನದ ಅನೇಕ ಸಂದೇಶಗಳಲ್ಲಿ 4 ಬಿಟ್ಟಿನ ಒಂದು ಎಣಿಕೆ ಇರುತ್ತದೆ, ಈ ಸಂದೇಶದಲ್ಲಿ ಅದು ಪ್ರತಿ ಸಲ ಒಂದೊಂದೇ ಏರಿ 15 ಆದ ಮೇಲೆ ಸೊನ್ನೆಗೆ ಮರಳುತ್ತಿತ್ತು. ಎಣಿಕೆ ಎಲ್ಲೂ ತಪ್ಪಿರಲಿಲ್ಲ. ಆ ಎರಡು ಸಾಲುಗಳ ನಡುವೆ ಸಮಯದ ಅಂತರವೂ ಇರಲಿಲ್ಲ. ಅಂತರ ಕಂಡದ್ದು ಬೇರೆ ಕಡೆ, ಸುಮಾರು 250 ಸಾಲು ಮೇಲೆ. ಅಲ್ಲಿ 300 ಮಿಲಿಸೆಕೆಂಡ್ ಖಾಲಿ ಇತ್ತು, ಆದರೆ ಆ ಖಾಲಿ ಜಾಗದ ಎರಡೂ ಬದಿಯ ಮೌಲ್ಯಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತಿದ್ದವು. ನಾನು ಎರಡು ವಾರ ಆ ಖಾಲಿ ಜಾಗದಲ್ಲಿಯೇ ಹುಡುಕಿದೆ.

ಪರೀಕ್ಷಾ ವಿಭಾಗದ ಸಹೋದ್ಯೋಗಿಯೊಬ್ಬರು ಅದೇ ಬಸ್ಸಿಗೆ ಇನ್ನೊಂದು ಸ್ವತಂತ್ರ ರೆಕಾರ್ಡರನ್ನು ಜೋಡಿಸಿ, ಎರಡೂ ಲಾಗುಗಳನ್ನು ಪಕ್ಕಪಕ್ಕದಲ್ಲಿ ಮುದ್ರಿಸಿಕೊಂಡು ನನ್ನ ಮೇಜಿನ ಬಳಿ ಬಂದರು. "ನೋಡಿ ಸರ್, ಟೈಮ್ ಬಿಟ್ಟುಹೋಗಿರೋ ಜಾಗ ಒಂದು, ಡೇಟಾ ಬಿಟ್ಟುಹೋಗಿರೋ ಜಾಗ ಇನ್ನೊಂದು" ಎಂದರು. ವೇಗದ ಸಂದೇಶ ಸರಿಯಾಗಿ 16 ಸಲ ಕಳೆದಿತ್ತು. 4 ಬಿಟ್ಟಿನ ಎಣಿಕೆಗೆ 16 ಕಳೆದರೂ ಒಂದೇ, ಏನೂ ಕಳೆಯದಿದ್ದರೂ ಒಂದೇ.

ಆಮೇಲೆ ಎಲ್ಲವೂ ಬಿಡಿಸಿಕೊಂಡಿತು. ಲಾಗ್ ಬರೆಯುವ ಲಾಗರ್ ಪ್ರೋಗ್ರಾಮು ಆಗಾಗ ಎಸ್‌ಡಿ ಕಾರ್ಡಿಗೆ ಎಫ್‌ಸಿಂಕ್ ಮಾಡುತ್ತಿತ್ತು, ಅಂದರೆ ಬರೆದದ್ದು ಕಾರ್ಡಿಗೆ ಸೇರುವವರೆಗೆ ಕಾಯುತ್ತಿತ್ತು; ಆ ಎಸ್‌ಡಿ ಕಾರ್ಡು ಒಮ್ಮೊಮ್ಮೆ ತನ್ನೊಳಗಿನ ಅಳಿಸುವಿಕೆಯ ಕೆಲಸದಲ್ಲಿ ತೊಡಗಿ 300 ಮಿಲಿಸೆಕೆಂಡ್ ಉತ್ತರ ಕೊಡುತ್ತಿರಲಿಲ್ಲ. ಅಷ್ಟೂ ಹೊತ್ತು ಲಾಗರ್ ನಿಂತಿರುತ್ತಿತ್ತು. ಸೆಕೆಂಡಿಗೆ 1,800 ಫ್ರೇಮು ಬರುವಾಗ 256ರ ಸರದಿ 142 ಮಿಲಿಸೆಕೆಂಡಿನಲ್ಲಿ ತುಂಬುತ್ತದೆ. ಉಳಿದ 158 ಮಿಲಿಸೆಕೆಂಡಿನ ಫ್ರೇಮುಗಳು ಬಿದ್ದುಹೋದವು. ಲಾಗರ್ ಎಚ್ಚತ್ತು ಸರದಿಯಲ್ಲಿದ್ದ 256 ಹಳೆಯ ಫ್ರೇಮುಗಳನ್ನು ಕೆಲವೇ ಮಿಲಿಸೆಕೆಂಡಿನಲ್ಲಿ ಬಾಚಿಕೊಂಡಿತು, ಮತ್ತು ನನ್ನ ಡ್ರೈವರ್ ಅವೆಲ್ಲಕ್ಕೂ ಆ ಕ್ಷಣದ ಸಮಯವನ್ನೇ ಬರೆದುಕೊಟ್ಟಿತು. ಹೀಗಾಗಿ ಏನೂ ಕಳೆಯದ ಕಡೆ ಸಮಯದ ಬಿರುಕು ಕಾಣಿಸಿತು, ನಿಜವಾಗಿ ಕಳೆದ ಕಡೆ ಸಾಲುಗಳು ಒತ್ತಾಗಿ ಕೂಡಿಕೊಂಡಿದ್ದವು. ಸಮಯವನ್ನು ಇಂಟರಪ್ಟ್ ಹ್ಯಾಂಡ್ಲರಿನಲ್ಲಿಯೇ, ಹಿಂದಕ್ಕೆ ಸರಿಯದ ಮೊನೊಟೋನಿಕ್ ಗಡಿಯಾರದಿಂದ ತೆಗೆದುಕೊಳ್ಳಬೇಕಿತ್ತು. ಹ್ಯಾಂಡ್ಲರ್ ಚಿಕ್ಕದಿರಬೇಕು ಎಂಬುದು ಸರಿಯೇ. ಆದರೆ ಅಲ್ಲಿ ಮಾತ್ರ ಸಿಗುವ ಸತ್ಯವನ್ನು ಅಲ್ಲೇ ಬರೆದುಕೊಳ್ಳಬೇಕು, ಆಮೇಲೆ ಅದು ಬೇರೆಲ್ಲೂ ಸಿಗುವುದಿಲ್ಲ.

ಕಾರಣ ತಿಳಿದ ಮೇಲೆ ನಾನು ಮಾಡಿದ ಮೊದಲ ತಿದ್ದುಪಡಿ ಸ್ಥಿತಿಯನ್ನು ಇನ್ನಷ್ಟು ಕೆಡಿಸಿತು. ಬಿದ್ದುಹೋಗುವ ಪ್ರತಿ ಫ್ರೇಮಿಗೂ ಹ್ಯಾಂಡ್ಲರಿನಿಂದ ಕರ್ನಲ್ಲಿನ ಮುದ್ರಣ ಕರೆಯಾದ ಪ್ರಿಂಟ್‌ಕೆಯಿಂದ ಒಂದು ಸಾಲು ಕನ್ಸೋಲಿಗೆ ಬರೆಸಿದೆ. ಆ ಯಂತ್ರದ ಕನ್ಸೋಲು ಸೆಕೆಂಡಿಗೆ 115200 ಬಿಟ್ ವೇಗದ ಸೀರಿಯಲ್ ತಂತಿಯಲ್ಲಿತ್ತು. ಒಂದು ಅಕ್ಷರಕ್ಕೆ 10 ಬಿಟ್ ಎಂದರೆ 80 ಅಕ್ಷರದ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡ್, ಮತ್ತು ಅಷ್ಟೂ ಹೊತ್ತು ಹ್ಯಾಂಡ್ಲರ್ ಅಲ್ಲೇ ಕಾಯುತ್ತದೆ. ಆ 7 ಮಿಲಿಸೆಕೆಂಡಿನಲ್ಲಿ ಇನ್ನೂ 12 ಫ್ರೇಮು ಬಂದಿರುತ್ತವೆ. ಸರದಿ ತುಂಬಿರುವುದರಿಂದ ಆ 12ಕ್ಕೂ ಒಂದೊಂದು ಸಾಲು. ಕಾರ್ಡಿನ ಚಿಪ್ಪಿನೊಳಗಿನ ಪುಟ್ಟ ಸರದಿಯಾದ ಫೈಫೊ ಹಿಡಿಯುತ್ತಿದ್ದುದು 32 ಫ್ರೇಮು ಮಾತ್ರ. ಅದುವರೆಗೆ ಒಮ್ಮೆಯೂ ತುಂಬದಿದ್ದ ಆ ಫೈಫೊ, ನಷ್ಟವನ್ನು ವರದಿ ಮಾಡಲೆಂದು ನಾನು ಬರೆದ ಆ ಒಂದು ಸಾಲಿನಿಂದಾಗಿ ಉಕ್ಕತೊಡಗಿತು. ಅದೇ ದಿನ ಸಂಜೆ ಆ ಸಾಲನ್ನು ತೆಗೆದುಹಾಕಿದೆ.

ಎರಡನೆಯ ತಿದ್ದುಪಡಿ ಎಲ್ಲರೂ ಸೂಚಿಸಿದ್ದು: ಸರದಿಯನ್ನು ದೊಡ್ಡದು ಮಾಡು. ಕೆಫೈಫೊದ ಅಳತೆ ಎರಡರ ಘಾತವಾಗಿರಬೇಕು, ಹಾಗಾಗಿ 4,096 ಮಾಡಿದೆ. 24 ಬೈಟಿನಂತೆ 98,304 ಬೈಟ್, ಎರಡೂಕಾಲು ಸೆಕೆಂಡಿನಷ್ಟು ಆಸರೆ. ದೂರುಗಳು ನಿಂತವು. ನನಗೆ ಮಾತ್ರ ನೆಮ್ಮದಿ ಬರಲಿಲ್ಲ. ಮೊದಲೂ ಡ್ರೈವರ್ ಮೌನವಾಗಿಯೇ ಕಳೆಯುತ್ತಿತ್ತು, ಈಗಲೂ ಕಳೆದರೆ ಮೌನವಾಗಿಯೇ ಕಳೆಯುತ್ತದೆ; ಅಪರೂಪವಾದಷ್ಟೂ ಅದನ್ನು ಹಿಡಿಯುವುದು ಕಷ್ಟ. ಬೆಂಚಿನ ಲಾಗನ್ನು ನೋಡಿ ಬ್ರೇಕಿನ ಬಗ್ಗೆ, ಇಂಧನದ ಬಗ್ಗೆ ತೀರ್ಮಾನ ಮಾಡುವವರಿದ್ದಾರೆ. ಇಲ್ಲಿ ಏನೂ ಕಳೆದಿಲ್ಲ ಎಂದು ಅವರಿಗೆ ಧೈರ್ಯವಾಗಿ ಹೇಳಬೇಕಾದರೆ, ಕಳೆದಾಗ ಕಳೆದಿದೆ ಎಂದು ಹೇಳುವ ಶಕ್ತಿ ಆ ಲಾಗಿಗೆ ಇರಲೇಬೇಕು.

ದಾರಿ ತೋರಿಸಿದ್ದು ಕರ್ನಲ್ಲಿನೊಳಗಿನ ಇನ್ನೊಂದು ಡ್ರೈವರ್. ಕೀಬೋರ್ಡು, ಮೌಸು, ಟಚ್‌ಸ್ಕ್ರೀನುಗಳ ಘಟನೆಗಳನ್ನು ಪ್ರೋಗ್ರಾಮುಗಳಿಗೆ ಕೊಡುವ ಇವ್‌ಡೆವ್‌ನಲ್ಲಿ, ಸಾಧನವನ್ನು ತೆರೆದ ಪ್ರತಿಯೊಬ್ಬರಿಗೂ ಪ್ರತ್ಯೇಕ ಸರದಿ ಇರುತ್ತದೆ, ಮತ್ತು ಸರದಿ ಉಕ್ಕಿದರೆ ಅದು ಓದದೆ ಉಳಿದ ಘಟನೆಗಳನ್ನು ತೆಗೆದು, ಆ ಜಾಗದಲ್ಲಿ ಸಿನ್ ಡ್ರಾಪ್ಡ್ ಎಂಬ ಒಂದು ಘಟನೆಯನ್ನು ಸರದಿಯೊಳಗೇ ಇಡುತ್ತದೆ. ಅದನ್ನು ಕಂಡ ಪ್ರೋಗ್ರಾಮು ಸಾಧನದ ಈಗಿನ ಸ್ಥಿತಿಯನ್ನು ಹೊಸದಾಗಿ ಕೇಳಿಕೊಳ್ಳಬೇಕು. ಕೀಲಿ ಈಗ ಒತ್ತಿದೆಯೋ ಇಲ್ಲವೋ ಎಂಬುದು ಮುಖ್ಯವಾದ ಕಡೆ ಹಳೆಯದನ್ನು ಬಿಡುವುದು ಸರಿ. ಲಾಗರಿಗೆ ಹಳೆಯದೂ ಬೇಕು, ಆದ್ದರಿಂದ ನಾನು ಹೊಸದನ್ನು ಬಿಡುವ ಕ್ರಮವನ್ನೇ ಉಳಿಸಿಕೊಂಡೆ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ: ಹಳೆಯದನ್ನು ಬಿಡಬೇಕಾದರೆ ಹಾಕುವವನೇ ತೆಗೆಯುವವನ ಸೂಚಿಯನ್ನು ಸರಿಸಬೇಕಾಗುತ್ತದೆ, ಆಗ ಲಾಕ್ ಇಲ್ಲದೆ ನಡೆಯುವುದಿಲ್ಲ. ಆದರೆ ನಷ್ಟದ ಗುರುತನ್ನು ನಷ್ಟವಾದ ಜಾಗದಲ್ಲೇ ಇಡುವ ಇವ್‌ಡೆವ್‌ನ ರೀತಿಯನ್ನು ಹಾಗೆಯೇ ತೆಗೆದುಕೊಂಡೆ.

ದಾಖಲೆಯಲ್ಲಿ ಮೊದಲ ದಿನದಿಂದ ಖಾಲಿ ಬಿದ್ದಿದ್ದ ಆ 2 ಬೈಟುಗಳು ಇಲ್ಲಿ ಕೆಲಸಕ್ಕೆ ಬಂದವು. ಸರದಿ ತುಂಬಿದ್ದಾಗ ಫ್ರೇಮು ಬಂದರೆ ಹ್ಯಾಂಡ್ಲರ್ ಒಂದು ಎಣಿಕೆಯನ್ನು ಏರಿಸುತ್ತದೆ, ಅಷ್ಟೆ. ಮತ್ತೆ ಜಾಗ ಸಿಕ್ಕಿ ಮೊದಲ ದಾಖಲೆ ಒಳಗೆ ಹೋಗುವಾಗ ಆ ಎಣಿಕೆಯನ್ನು ಅದೇ ದಾಖಲೆಯ 2 ಬೈಟುಗಳಲ್ಲಿ ಬರೆದು, ಎಣಿಕೆಯನ್ನು ಸೊನ್ನೆ ಮಾಡುತ್ತದೆ. ಅದನ್ನು ಮುಟ್ಟುವುದು ಹ್ಯಾಂಡ್ಲರ್ ಮಾತ್ರ ಆದ್ದರಿಂದ ಇದಕ್ಕೂ ಲಾಕ್ ಬೇಡ. 65,535 ಮೀರಿದರೆ ಎಣಿಕೆ ಅಲ್ಲೇ ನಿಲ್ಲುತ್ತದೆ, ಸೊನ್ನೆಗೆ ಮರಳುವುದಿಲ್ಲ. 4 ಬಿಟ್ಟಿನ ಎಣಿಕೆಯಿಂದ ಒಮ್ಮೆ ಕಷ್ಟಪಟ್ಟಿದ್ದು ಸಾಕಾಗಿತ್ತು. ಒಂದು ಕೊರತೆ ಉಳಿಯಿತು: ಫ್ರೇಮುಗಳು ಬಿದ್ದುಹೋದ ಬೆನ್ನಿಗೇ ಬಸ್ಸು ಮೌನವಾದರೆ ಆ ಎಣಿಕೆಯನ್ನು ಹೊತ್ತು ತರುವ ದಾಖಲೆಯೇ ಬರುವುದಿಲ್ಲ. ಅದಕ್ಕಾಗಿ ಒಟ್ಟು ನಷ್ಟವನ್ನು ಯಾವಾಗ ಬೇಕಾದರೂ ಕೇಳಬಹುದಾದ ಒಂದು ಐಒಸಿಟಿಎಲ್ (ಡ್ರೈವರನ್ನು ನೇರವಾಗಿ ಕೇಳುವ ಕರೆ) ಸೇರಿಸಿದೆ, ಲಾಗರ್ ಫೈಲನ್ನು ಮುಚ್ಚುವ ಮುನ್ನ ಅದನ್ನು ಕೇಳಿ ಕೊನೆಯ ಸಾಲಿನಲ್ಲಿ ಬರೆಯುತ್ತದೆ. ಚಿಪ್ಪಿನ ಫೈಫೊ ಉಕ್ಕಿದರೆ ಎಷ್ಟು ಕಳೆಯಿತು ಎಂದು ಚಿಪ್ಪು ಹೇಳುವುದಿಲ್ಲ, ಏನೋ ಕಳೆಯಿತು ಎಂದಷ್ಟೇ ಹೇಳುತ್ತದೆ. ಅದಕ್ಕೆ ಫ್ಲ್ಯಾಗಿನಲ್ಲಿ ಪ್ರತ್ಯೇಕ ಬಿಟ್ಟು ಕೊಟ್ಟೆ. ಎರಡು ನಷ್ಟಗಳ ಮದ್ದು ಬೇರೆ ಬೇರೆಯಾದ್ದರಿಂದ ಅವುಗಳನ್ನು ಒಂದೇ ಲೆಕ್ಕಕ್ಕೆ ಸೇರಿಸಬಾರದು.

ಪ್ರತಿಯೊಬ್ಬ ಓದುಗನಿಗೂ ಪ್ರತ್ಯೇಕ ಸರದಿ ಕೊಟ್ಟದ್ದೂ ಆಗಲೇ. ಅದಕ್ಕೆ ಮೊದಲು ಲಾಗರ್ ಓಡುತ್ತಿರುವಾಗ ಯಾರಾದರೂ ಪರದೆಯ ಮೇಲೆ ಮೌಲ್ಯ ತೋರಿಸುವ ಪ್ರೋಗ್ರಾಮನ್ನು ತೆರೆದರೆ, ಇಬ್ಬರೂ ಒಂದೇ ಸರದಿಯಿಂದ ತೆಗೆದು ಫ್ರೇಮುಗಳನ್ನು ಹಂಚಿಕೊಂಡುಬಿಡುತ್ತಿದ್ದರು. ಒಂದೇ ಫೈಲನ್ನು ಎರಡು ಥ್ರೆಡ್ಡುಗಳು ಓದುವ ಸಾಧ್ಯತೆಗಾಗಿ ರೀಡ್ ಬದಿಯಲ್ಲಿ ಮ್ಯೂಟೆಕ್ಸ್, ಅಂದರೆ ಹಿಡಿದವರು ಮಲಗಬಹುದಾದ ಲಾಕ್, ಹಾಕಿದೆ. ಮೊದಲು ಅಲ್ಲಿ ಮಲಗದೆ ಸುತ್ತುತ್ತಲೇ ಕಾಯುವ ಲಾಕ್ ಆದ ಸ್ಪಿನ್‌ಲಾಕ್ ಹಾಕಿ ಅದರೊಳಗೇ, ಮಾಹಿತಿಯನ್ನು ಪ್ರೋಗ್ರಾಮಿನ ಮೆಮೊರಿಗೆ ನಕಲಿಸುವ ಕಾಪಿ ಟು ಯೂಸರ್ ಕರೆದಿದ್ದೆ, ತಿಂಗಳುಗಟ್ಟಲೆ ಏನೂ ಆಗಿರಲಿಲ್ಲ. ಪ್ರೋಗ್ರಾಮಿನ ಪುಟ ಮೆಮೊರಿಯಲ್ಲಿ ಇಲ್ಲದಿದ್ದರೆ ಆ ಕರೆ ಮಲಗಬೇಕಾಗುತ್ತದೆ, ಸ್ಪಿನ್‌ಲಾಕ್ ಹಿಡಿದು ಮಲಗುವಂತಿಲ್ಲ. ಮಲಗಬಾರದ ಕಡೆ ಮಲಗುವುದನ್ನು ಹಿಡಿಯುವ ಕರ್ನಲ್ಲಿನ ಅಟಾಮಿಕ್ ಸ್ಲೀಪ್ ತಪಾಸಣೆಯನ್ನು ಹಚ್ಚಿದ ದಿನವೇ ಅದು ಎಚ್ಚರಿಕೆ ಕೊಟ್ಟಿತು. ಡ್ರೈವರ್ ಬರೆಯುವವರು ಆ ತಪಾಸಣೆಯನ್ನು ಮೊದಲ ದಿನದಿಂದಲೇ ಹಚ್ಚಿಟ್ಟುಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.

ಇದೆಲ್ಲ, ಕ್ಯಾನ್ ಬಸ್ಸನ್ನು ನೆಟ್‌ವರ್ಕಿನಂತೆ ಬಳಸಲು ಲಿನಕ್ಸಿನಲ್ಲಿರುವ ಸಾಕೆಟ್‌ಕ್ಯಾನ್‌ನಲ್ಲಿ ಆಗಲೇ ಇತ್ತು. ಅದು 2008ರಲ್ಲಿ 2.6.25ನೆಯ ಆವೃತ್ತಿಯ ಹೊತ್ತಿಗೇ ಕರ್ನಲ್ಲಿಗೆ ಸೇರಿತ್ತು. ಪ್ರತಿ ಸಾಕೆಟ್ಟಿಗೂ (ಪ್ರೋಗ್ರಾಮು ತೆರೆಯುವ ಸಂಪರ್ಕಕ್ಕೂ) ತನ್ನದೇ ಸರದಿ, ಉಕ್ಕಿ ಬಿದ್ದುಹೋದ ಫ್ರೇಮುಗಳ ಲೆಕ್ಕವನ್ನು ಸಂದೇಶದ ಜೊತೆಯಲ್ಲೇ ಕೇಳಿ ಪಡೆಯುವ ಆಯ್ಕೆ, ಎರಡೂ ಅಲ್ಲಿವೆ. ನಮ್ಮ ಹಳೆಯ ಪ್ರೋಗ್ರಾಮುಗಳಿಗೆ ಓಪನ್, ರೀಡ್ ಬೇಕಿದ್ದುದರಿಂದ ಆ ದಾರಿ ಹಿಡಿದಿರಲಿಲ್ಲ. ಮುಂದಿನ ಕಾರ್ಡಿಗೆ ಅದನ್ನೇ ಬಳಸಿದೆವು.

ಹೊಸ ಡ್ರೈವರನ್ನು ಒಪ್ಪಿಸುವ ಮುನ್ನ, ಬೇಕೆಂದೇ ಸರದಿಯ ಅಳತೆಯನ್ನು ಮತ್ತೆ 256ಕ್ಕೆ ಇಳಿಸಿ, ಅದೇ ಎಸ್‌ಡಿ ಕಾರ್ಡನ್ನು ಹಾಕಿ, ಅದೇ ಪರೀಕ್ಷೆಯನ್ನು ಓಡಿಸಿದೆವು. ಇಪ್ಪತ್ತು ನಿಮಿಷದ ನಂತರ ಲಾಗಿನ ನಷ್ಟದ ಕಾಲಮ್ಮಿನಲ್ಲಿ ಸಾವಿರಾರು ಸೊನ್ನೆಗಳ ನಡುವೆ ಒಂದು 284 ಕಾಣಿಸಿಕೊಂಡಿತು, ಮತ್ತು ಆ ಸಾಲಿಗೂ ಅದರ ಹಿಂದಿನ ಸಾಲಿಗೂ ನಡುವೆ ಸಮಯ 158 ಮಿಲಿಸೆಕೆಂಡ್ ಮುಂದೆ ಹೋಗಿತ್ತು. ಸಹೋದ್ಯೋಗಿ ತಮ್ಮ ಸ್ವತಂತ್ರ ರೆಕಾರ್ಡರಿನ ಲಾಗನ್ನು ತೆರೆದು, ಆ ಎರಡು ಸಾಲುಗಳ ನಡುವಿನ ಫ್ರೇಮುಗಳನ್ನು ಎಣಿಸಿದರು. 284 ಇದ್ದವು.