ಸದ್ದು ನಿಲ್ಲಿಸಿ ನೋಡಿದ ಸೇತುವೆ

ಅಳುವ ದೃಶ್ಯಕ್ಕೆ ಪಿಟೀಲು, ಹೆದರಿಸುವ ದೃಶ್ಯಕ್ಕೆ ಢಂ ಎನ್ನುವ ನಗಾರಿ. ಹಿನ್ನೆಲೆ ಸಂಗೀತದ ಮೇಲೆ ನನಗಿರುವ ಹಳೆಯ ತಕರಾರು ಇದು. ಈಗ ಕಣ್ಣೀರು ಹಾಕು, ಈಗ ಬೆಚ್ಚಿಬೀಳು ಎಂದು ಅದು ಪಕ್ಕೆ ತಿವಿಯುತ್ತಲೇ ಇರುತ್ತದೆ. ನಟರು ಗಟ್ಟಿಗರಾಗಿದ್ದರೆ ಆ ತಿವಿತ ಬೇಕಿಲ್ಲ, ಅವರು ಸೋತಿದ್ದರೆ ಎಷ್ಟು ತಿವಿದರೂ ಉಪಯೋಗವಿಲ್ಲ. ಆದ್ದರಿಂದ 'ಚೆರ್ನೋಬಿಲ್' ಸರಣಿಯನ್ನು ನೋಡಲು ಕುಳಿತಾಗ ಅದರ ಸಂಗೀತದ ಮೇಲೆ ನನಗೆ ಯಾವ ನಿರೀಕ್ಷೆಯೂ ಇರಲಿಲ್ಲ. ಸಂಗೀತ ಯಾರದು ಎಂದು ಕೂಡ ನೋಡಿರಲಿಲ್ಲ.

2019ರ ಮೇ, ಜೂನ್ ತಿಂಗಳುಗಳಲ್ಲಿ ಪ್ರಸಾರವಾದ ಐದು ಕಂತುಗಳ ಸರಣಿ ಅದು. 1986ರ ಏಪ್ರಿಲ್ 26ರ ನಡುರಾತ್ರಿ ದಾಟಿದ ಮೇಲೆ ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೇ ರಿಯಾಕ್ಟರ್ ಸ್ಫೋಟಗೊಂಡ ಕಥೆ. ಊರೆಲ್ಲ ನೋಡಿ, ಚರ್ಚಿಸಿ, ಮರೆತ ಮೇಲೆ ಒಂದು ಭಾನುವಾರ ನಾನೂ ಅಕ್ಕನೂ ಅದನ್ನು ಹಾಕಿಕೊಂಡೆವು. ಅಕ್ಕ ಭೌತಶಾಸ್ತ್ರ ಓದಿದವಳು. ಅವಳ ಗಮನವೆಲ್ಲ ರಿಯಾಕ್ಟರಿನ ಮೇಲೆ.

ಮೊದಲ ಕಂತು ಸ್ವಲ್ಪ ಮುಂದೆ ಸಾಗಿತ್ತು. ಕೋಣೆಯಲ್ಲಿ ಏನೋ ಗುಂಯ್‌ಗುಡುತ್ತಿದೆ ಎನ್ನಿಸಿತು. ಎದ್ದು ಫ್ಯಾನ್ ಆರಿಸಿದೆ, ನಿಲ್ಲಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಕಿವಿಗೊಟ್ಟು ನಿಂತೆ.

"ಟಿವಿಯಿಂದಲೇ ಬರುತ್ತಿರುವುದು. ಬಂದು ಕುಳಿತುಕೋ" ಎಂದಳು ಅಕ್ಕ.

ಕುಳಿತುಕೊಂಡು ಕೇಳಿದೆ. ರಾಗ ಎನ್ನುವಂಥದ್ದು ಇರಲಿಲ್ಲ, ತಾಳವೂ ಇರಲಿಲ್ಲ. ತಗ್ಗಿನ ಸ್ಥಾಯಿಯಲ್ಲಿ ಒಂದು ನಾದ ಎಲ್ಲಿ ಶುರುವಾಯಿತೆಂದು ತಿಳಿಯದ ಹಾಗೆ ಶುರುವಾಗಿ, ಮಾತುಗಳ ಅಡಿಯಲ್ಲಿ ಹರಿಯುತ್ತಿತ್ತು. ಆಗೊಮ್ಮೆ ಈಗೊಮ್ಮೆ ಅದರ ಮೇಲೆ ಲೋಹವನ್ನು ಉಜ್ಜಿದಂಥ ತೆಳುವಾದ ಸ್ವರವೊಂದು ಏಳುತ್ತಿತ್ತು, ಬಾಗುತ್ತಿತ್ತು, ಪೂರ್ತಿ ಆರದೆ ಹಾಗೇ ಉಳಿಯುತ್ತಿತ್ತು. ಅಕ್ಕನಿಗೆ ಅದು ಸಹಿಸಲಾಗಲಿಲ್ಲ. "ತಲೆ ನೋಯುತ್ತದೆ. ಸದ್ದು ಪೂರ್ತಿ ತೆಗೆದುಬಿಡು, ಕೆಳಗೆ ಸಾಲುಗಳು ಬರುತ್ತವಲ್ಲ, ಓದಿಕೊಂಡರಾಯಿತು" ಎಂದಳು.

ಆಗ ತೆರೆಯ ಮೇಲೆ ಸೇತುವೆಯ ದೃಶ್ಯ ಬಂದು ಹೋಗಿತ್ತು. ಸ್ಥಾವರಕ್ಕೆ ಬೆಂಕಿ ಬಿದ್ದಿದೆ ಎಂದು ಪ್ರಿಪ್ಯಾತ್ ಪಟ್ಟಣದ ಜನ ರೈಲ್ವೆ ಸೇತುವೆಯ ಮೇಲೆ ಬಂದು ನಿಂತಿದ್ದಾರೆ. ನಾನು ಅದನ್ನೇ ಹಿಂದಕ್ಕೆ ಓಡಿಸಿ, ಸದ್ದಿಲ್ಲದೆ ಮತ್ತೆ ಹಾಕಿದೆ. ದೂರದಲ್ಲಿ ಆಕಾಶಕ್ಕೆ ಚಾಚಿದ ನೀಲಿ ಬೆಳಕು. ಗಂಡಂದಿರು ಹೆಂಡತಿಯರ ಹೆಗಲ ಮೇಲೆ ಕೈ ಹಾಕಿಕೊಂಡಿದ್ದಾರೆ. ಮೇಲಿನಿಂದ ಬೂದಿ ಹಗುರವಾಗಿ ಇಳಿಯುತ್ತಿದೆ, ಮಕ್ಕಳು ಅದರಲ್ಲಿ ಕುಣಿಯುತ್ತಿದ್ದಾರೆ. ಅಕ್ಕ ಸ್ವಲ್ಪ ಹೊತ್ತು ನೋಡಿ, "ಅಯ್ಯೋ, ಜಾತ್ರೆಗೆ ಬಂದವರ ಹಾಗೆ ಕಾಣುತ್ತಾರಲ್ಲ" ಎಂದಳು. ಹೌದು, ಚೆಂದವಾಗಿತ್ತು. ನೆನಪಿಗೆಂದು ಯಾರಾದರೂ ತೆಗೆಸಿಟ್ಟುಕೊಳ್ಳಬಹುದಾದ ದೃಶ್ಯ. ಮತ್ತೆ ಸದ್ದು ಕೊಟ್ಟೆ. ಅದೇ ಮಕ್ಕಳು, ಅದೇ ಬೂದಿ, ಆದರೆ ಈಗ ಅವರನ್ನು ಅಲ್ಲಿಂದ ಎಳೆದುಕೊಂಡು ಓಡಿಹೋಗಬೇಕು ಎನ್ನಿಸುತ್ತಿತ್ತು. ಅಕ್ಕ ಸದ್ದು ತೆಗೆಯಲು ಮತ್ತೆ ಹೇಳಲಿಲ್ಲ.

ಸೇತುವೆಯ ಮೇಲಿದ್ದವರಿಗೆ ಏನೂ ಗೊತ್ತಿಲ್ಲ. ಅವರ ಮುಖದಲ್ಲಿ ಭಯವಿಲ್ಲ, ಇರಲು ಕಾರಣವೂ ಇಲ್ಲ. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಶಬ್ದವಿಲ್ಲ. ಬೆಂಕಿಯನ್ನು ತೋರಿಸಬಹುದು, ಹೊಗೆಯನ್ನು ತೋರಿಸಬಹುದು, ಇದನ್ನು ನಿರ್ದೇಶಕನಾದವನು ಹೇಗೆ ತೋರಿಸಬೇಕು? ನಿರ್ದೇಶಕ ಯೋಹಾನ್ ರೆಂಕ್ ಆ ಕೆಲಸದ ದೊಡ್ಡ ಪಾಲನ್ನು ಸಂಗೀತಕ್ಕೆ ಒಪ್ಪಿಸಿದ್ದಾರೆ. ಅಲ್ಲಿ ಸಂಗೀತ ಪಾತ್ರಗಳ ಮನಸ್ಸಿನ ಮಾತನ್ನು ಆಡುವುದಿಲ್ಲ, ನಮ್ಮ ಪಕ್ಕೆಯನ್ನೂ ತಿವಿಯುವುದಿಲ್ಲ. ಗಾಳಿಯಲ್ಲಿರುವ ಆ ವಸ್ತುವೇ ತಾನಾಗಿ ಕೋಣೆಯಲ್ಲಿ ನಿಂತಿರುತ್ತದೆ.

ಕೊನೆಯಲ್ಲಿ ಹೆಸರುಗಳು ಬಂದಾಗ ಓದಿದೆ: ಹಿಲ್ದುರ್ ಗ್ವುದ್ನಾದೋತ್ತಿರ್. ಐಸ್‌ಲ್ಯಾಂಡಿನವರು, ಚೆಲ್ಲೋ ವಾದಕಿ. ಚೆಲ್ಲೋ ಎಂದರೆ ಪಿಟೀಲಿನ ಮನೆತನದ್ದೇ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ವಾದ್ಯ. ಅವರದೇ ದೇಶದ ಸಂಯೋಜಕ, 2018ರಲ್ಲಿ ತೀರಿಕೊಂಡ ಯೋಹಾನ್ ಯೋಹಾನ್ಸನ್ ಅವರ ಚಿತ್ರಸಂಗೀತಕ್ಕೆ ಬಹಳ ಕಾಲ ಚೆಲ್ಲೋ ನುಡಿಸಿದವರು. ಹಾಗಾದರೆ ನಾನು ಕೇಳಿದ್ದು ಚೆಲ್ಲೋ ಇರಬೇಕು ಎಂದುಕೊಂಡು ಆ ರಾತ್ರಿಯೇ ಅವರ ಸಂದರ್ಶನಗಳನ್ನು ಹುಡುಕಿ ಓದಿದೆ. ಈ ಸರಣಿಯಲ್ಲಿ ಚೆಲ್ಲೋ ಇಲ್ಲವೇ ಇಲ್ಲ!

ಲಿಥುವೇನಿಯಾದಲ್ಲಿ ಇಗ್ನಾಲಿನಾ ಎಂಬ ಅಣುಸ್ಥಾವರವಿದೆ. ಚೆರ್ನೋಬಿಲ್‌ನಲ್ಲಿದ್ದ ಮಾದರಿಯದೇ ರಿಯಾಕ್ಟರುಗಳು. 2009ರ ಕೊನೆಯಲ್ಲಿ ಅದನ್ನು ಪೂರ್ತಿಯಾಗಿ ಮುಚ್ಚಲಾಯಿತು. ಸರಣಿಯ ಹಲವು ದೃಶ್ಯಗಳ ಚಿತ್ರೀಕರಣ ನಡೆದದ್ದು ಅಲ್ಲಿ. ಹಿಲ್ದುರ್ ರಕ್ಷಣಾ ಉಡುಪು ತೊಟ್ಟು ಅದರೊಳಗೆ ಹೋದರು. ಜೊತೆಗೆ ನಿಸರ್ಗದ ಸದ್ದುಗಳನ್ನು ಮುದ್ರಿಸಿಕೊಳ್ಳುವುದರಲ್ಲಿ ಹೆಸರಾದ ಕ್ರಿಸ್ ವಾಟ್ಸನ್ ಇದ್ದರು. ಕಂಬಿ, ಕೊಳವೆಗಳನ್ನು ಬಡಿದು ತಾಳ ಮಾಡಿಕೊಳ್ಳಲು ಹೋದದ್ದಲ್ಲ, ಆ ಕಟ್ಟಡ ತಾನಾಗಿ ಏನನ್ನು ಕೇಳಿಸುತ್ತದೆ ಎಂದು ಕೇಳಲು ಹೋದದ್ದು. ಟರ್ಬೈನ್ ಇರುವ ಹಜಾರ, ಪಂಪಿನ ಕೋಣೆ, ಓಣಿಗಳು, ಬಾಗಿಲುಗಳು. ಗಂಟೆಗಟ್ಟಲೆ ಮುದ್ರಿಸಿಕೊಂಡು ಬಂದದ್ದರಲ್ಲಿ ಹೆಕ್ಕಿ, ಹಿಗ್ಗಿಸಿ, ಹೊಸೆದು ಸಂಗೀತ ಮಾಡಿದರು. ಅದರ ಹೊರಗಿನಿಂದ ಸೇರಿಸಿದ್ದೆಂದರೆ ಕಂಠ, ಬಹುಪಾಲು ಅವರದೇ.

ಆ ಕಂಠವೂ ಸ್ಥಾವರದೊಳಗಿನಿಂದಲೇ ಕೇಳಿಸುತ್ತದೆ. ಅದರ ಹಿಂದೊಂದು ಉಪಾಯವಿದೆ. ಖಾಲಿ ಕೋಣೆಯಲ್ಲಿ ಒಂದು ಸದ್ದು ಮಾಡಿ, ಅದು ಗೋಡೆಗಳಿಗೆ ತಾಗಿ ಹೇಗೆ ಕರಗುತ್ತದೆ ಎನ್ನುವುದನ್ನು ಮುದ್ರಿಸಿಕೊಂಡರೆ, ಆಮೇಲೆ ಕಂಪ್ಯೂಟರಿನಲ್ಲಿ ಯಾವ ದನಿಯನ್ನಾದರೂ ಆ ಕೋಣೆಯಲ್ಲೇ ಹುಟ್ಟಿದ ಹಾಗೆ ಮಾಡಬಹುದು. ಧ್ವನಿ ತಂತ್ರಜ್ಞರಿಗೆ ಇದು ದಿನನಿತ್ಯದ ಕೆಲಸ. ಅಣುಸ್ಥಾವರದ ಪಂಪಿನ ಕೋಣೆಯನ್ನು ಹೀಗೆ ಮನೆಗೆ ಹೊತ್ತು ತಂದವರು ಹೆಚ್ಚಿರಲಾರರು.

ಮರುದಿನ ಸಂಜೆ ಸಂಗೀತವನ್ನಷ್ಟೇ ಹೆಡ್‌ಫೋನಿನಲ್ಲಿ ಕೇಳಿದೆ. ಬಟ್ಟೆ ಮಡಿಸುತ್ತ ಕೇಳೋಣ ಎಂದು ಶುರು ಮಾಡಿದ್ದು, ಎರಡು ಅಂಗಿ ಮಡಿಸುವಷ್ಟರಲ್ಲಿ ಕೈ ನಿಂತಿತು. 'ದಿ ಡೋರ್' ಎಂಬ ತುಣುಕಿನಲ್ಲಿ ಒಂದೇ ಸ್ವರ ಇಷ್ಟಿಷ್ಟೇ ಒರಟಾಗುತ್ತ ಹೋಗುತ್ತದೆ. ಶ್ರುತಿ ಹಿಡಿದ ಹಾಗೆ ಅದರ ಕೆಳಗೊಂದು ನಾದವಿದೆ, ಆದರೆ ಅದನ್ನು ನೆಚ್ಚುವಂತಿಲ್ಲ, ಕೂದಲೆಳೆಯಷ್ಟು ಜಾರುತ್ತಲೇ ಇರುತ್ತದೆ. ಶ್ರುತಿ ನಿಂತಲ್ಲಿ ನಿಂತಿದ್ದರೆ ಮನಸ್ಸು ಹಾಯಾಗಿ ಒರಗಿಕೊಳ್ಳುತ್ತದೆ. ಇಲ್ಲಿ ಒರಗಿದ ಗೋಡೆಯೇ ಅಲುಗುತ್ತಿದೆ. ಹೆದರಿಕೆಯ ಗುಟ್ಟು ಅಲ್ಲಿದೆ ಎಂದು ನನ್ನ ಊಹೆ.

ಎಲ್ಲಿ ಸುಮ್ಮನಿರಬೇಕು ಎನ್ನುವುದೂ ಈ ಸಂಗೀತಕ್ಕೆ ಗೊತ್ತು. ನಾಲ್ಕನೇ ಕಂತಿನಲ್ಲಿ ಸೈನಿಕರು ರಿಯಾಕ್ಟರಿನಿಂದ ಸಿಡಿದು ಛಾವಣಿಯ ಮೇಲೆ ಬಿದ್ದ, ವಿಕಿರಣ ಸೂಸುವ ಗ್ರಾಫೈಟ್ ತುಂಡುಗಳನ್ನು ಸಲಿಕೆಯಲ್ಲಿ ಎತ್ತಿ ಕೆಳಕ್ಕೆ ಎಸೆಯುತ್ತಾರೆ. ಒಬ್ಬೊಬ್ಬರಿಗೆ ಇರುವುದು 90 ಸೆಕೆಂಡು. ವಿಕಿರಣ ಮಾಪಕದ ಚಟಪಟ, ಮುಖವಾಡದೊಳಗಿನ ಏದುಸಿರು, ಅಷ್ಟೇ ಸಾಕು. ಇನ್ನು ಕೊನೆಯ ಕಂತಿನ ಕೊನೆಯಲ್ಲಿ, ನಿಜವಾದ ಮನುಷ್ಯರ ಚಿತ್ರಗಳು ಬರುವಾಗ, ಉಕ್ರೇನಿನ ಲ್ವೀವ್ ನಗರದ ಗಾಯಕವೃಂದವೊಂದು ಆರ್ಥೊಡಾಕ್ಸ್ ಕ್ರೈಸ್ತರ ಅಂತ್ಯಸಂಸ್ಕಾರದ ಸ್ತುತಿಯನ್ನು ಹಾಡುತ್ತದೆ. ಅಷ್ಟೂ ಹೊತ್ತು ನಮ್ಮಿಂದ ಬಚ್ಚಿಟ್ಟಿದ್ದ ಮನುಷ್ಯರ ಹಾಡನ್ನು ಅಲ್ಲಿ ಬಿಟ್ಟುಕೊಟ್ಟಿದ್ದಾರೆ. ನನ್ನ ಕಣ್ಣು ಒದ್ದೆಯಾಯಿತು, ಯಾರೂ ತಿವಿದದ್ದರಿಂದ ಅಲ್ಲ.

ಈ ಕೆಲಸಕ್ಕೆ ಹಿಲ್ದುರ್ ಅವರಿಗೆ ಟಿವಿ ಲೋಕದ ಎಮ್ಮಿ ಪ್ರಶಸ್ತಿ ಬಂತು, ಸಂಗೀತ ಲೋಕದ ಗ್ರ್ಯಾಮಿಯೂ ಬಂತು. 2020ರ ಆಸ್ಕರ್ ಬಂದದ್ದು 'ಜೋಕರ್' ಚಿತ್ರಕ್ಕೆ. ಅದರಲ್ಲಿ ಚೆಲ್ಲೋ ಮುಂದೆ ನಿಲ್ಲುತ್ತದೆ. ಚಿತ್ರಕಥೆ ಓದಿಯೇ, ಚಿತ್ರೀಕರಣಕ್ಕೆ ಮೊದಲೇ ಸಂಗೀತ ಬರೆದು ಕಳುಹಿಸಿದ್ದರಂತೆ. ಶೌಚಾಲಯದಲ್ಲಿ ನಾಯಕ ನಿಧಾನವಾಗಿ ಕುಣಿಯುವ ಪ್ರಸಿದ್ಧ ದೃಶ್ಯದಲ್ಲಿ ವಾಕೀನ್ ಫೀನಿಕ್ಸ್ ಹೆಜ್ಜೆ ಹಾಕಿದ್ದು ಆ ಸಂಗೀತವನ್ನು ಅಲ್ಲೇ ಕೇಳಿಸಿಕೊಂಡು. ದೃಶ್ಯ ಅದ್ಭುತವಾಗಿದೆ, ಒಪ್ಪುತ್ತೇನೆ. ಆದರೂ ಆ ಚಿತ್ರದ ಕೆಲವು ಕಡೆ ಚೆಲ್ಲೋ ನನ್ನ ಪಕ್ಕೆಗೆ ಬೆರಳು ತಾಗಿಸಿತು. ನನಗೆ ಕೇಳಿದರೆ ಆಸ್ಕರ್ ಗೆದ್ದದ್ದಕ್ಕಿಂತ ಎಮ್ಮಿ ಗೆದ್ದದ್ದೇ ಒಂದು ತೂಕ ಹೆಚ್ಚು.

ಅಕ್ಕನ ಲೆಕ್ಕ ಬೇರೆ. ಸರಣಿಯೊಳಗೆ ಆ ಸದ್ದು ಇರಲೇಬೇಕು ಎಂದು ಈಗ ಅವಳೇ ವಾದಿಸುತ್ತಾಳೆ, ಸೇತುವೆಯ ಪ್ರಯೋಗವನ್ನು ಗೆಳತಿಯರಿಗೂ ಮಾಡಿ ತೋರಿಸಿದ್ದಾಳೆ. ಆದರೆ ಅದನ್ನು ಸಂಗೀತ ಎಂದು ಕರೆಯಲು ಒಪ್ಪುವುದಿಲ್ಲ, ತಾನು ಮನೆಯಲ್ಲಿರುವಾಗ ಹಾಕಲೂ ಬಿಡುವುದಿಲ್ಲ.